ಲೆಟರ್‌ಹೆಡ್ ಸಂಘದ್ದು, ಇಮೇಲ್ ಯಾರದು?

ಅಂಕೋಲೆಯ ಕೇಣಿಗೆ ಈಗ ಕಾಗದಪತ್ರಗಳ ಕಾಲ. 2023ರ ನವೆಂಬರ್‌ನಲ್ಲಿ ಕರ್ನಾಟಕ ಮ್ಯಾರಿಟೈಮ್ ಬೋರ್ಡು ಇಲ್ಲಿ ಸರ್ವಋತು ಬಂದರು ಕಟ್ಟುವ ಹೊಣೆಯನ್ನು ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ವಹಿಸಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆಮೇಲೆ ಶುರುವಾದದ್ದು ಮೀನುಗಾರರ ಪ್ರತಿಭಟನೆ, ಮನವಿ, ಆಕ್ಷೇಪಣೆಗಳ ಸಾಲು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥ ಯೋಜನೆಗಳಲ್ಲಿ ಅಹವಾಲು ಸಭೆಯಲ್ಲಿ ಆಡಿದ ಮಾತಿನ ಜೊತೆಗೆ ಬರೆದು ಕಳಿಸಿದ ಅಭಿಪ್ರಾಯಕ್ಕೂ ಜಾಗವಿದೆ. ಬಂದರು ಬೇಕೇ ಬೇಡವೇ ಎಂಬ ಚರ್ಚೆಗೆ ನಾನಿಲ್ಲಿ ಕೈಹಾಕುವುದಿಲ್ಲ. ಬರೆದು ಕಳಿಸುವುದು ಎಂಬ ಕೆಲಸದ್ದೇ ಒಂದು ತೊಡಕಿದೆ, ಅದು ಬಂದರಿನ ಪರವಾದವರಿಗೂ ವಿರೋಧಿಗಳಿಗೂ ಸಮಾನ.

ಕರಾವಳಿಯ ಯಾವುದಾದರೂ ಸಂಘದ ಲೆಟರ್‌ಹೆಡ್ ಎತ್ತಿ ನೋಡಿ. ಮೇಲೆ ಹೆಸರು, ನೋಂದಣಿ ಸಂಖ್ಯೆ; ಎಡಕ್ಕೆ ಜಾವಕ ಸಂಖ್ಯೆ, ಬಲಕ್ಕೆ ದಿನಾಂಕ; ಕೆಳಗೆ ಅಧ್ಯಕ್ಷರ ಸಹಿ, ಅದರ ಮೇಲೆ ಅರ್ಧ ಬೀಳುವಂತೆ ಒತ್ತಿದ ಉರುಟು ಮೊಹರು. ಇಷ್ಟೆಲ್ಲ ಬಿಗಿ ಇರುವ ಕಾಗದದ ಮೂಲೆಯಲ್ಲಿ ಇಮೇಲ್ ವಿಳಾಸ ಮಾತ್ರ ಕಾರ್ಯದರ್ಶಿಯ ಮಗನ ಹೆಸರು, ಅವನು ಹುಟ್ಟಿದ ಇಸವಿ, ಕೊನೆಗೆ ಜಿಮೇಲ್. ಮಗ ಬೆಂಗಳೂರಿಗೆ ಹೋದ, ಕಾರ್ಯದರ್ಶಿ ಬದಲಾದರು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಇಲಾಖೆಯಿಂದ ಬಂದ ಉತ್ತರಗಳು ಆ ಪೆಟ್ಟಿಗೆಯೊಳಗೇ ಉಳಿದವು. ಕಪಾಟಿನ ಕೀಲಿ ಹಸ್ತಾಂತರಿಸದೆ ಹಳೆ ಸಮಿತಿಯನ್ನು ಬಿಡದ ಜನ, ಇಮೇಲಿನ ಕೀಲಿಯನ್ನು ಕೇಳುವುದೇ ಇಲ್ಲ.

ಸಂಘಕ್ಕೆ ತನ್ನದೇ ಡೊಮೇನ್ ಇರಲಿ ಎನ್ನುವುದು ಈ ಕಾರಣಕ್ಕೆ. ಅಧ್ಯಕ್ಷ, ಕಾರ್ಯದರ್ಶಿ, ಲೆಕ್ಕ ಎಂದು ಹುದ್ದೆಯ ಹೆಸರಿನಲ್ಲಿ ವಿಳಾಸ ಮಾಡಿದರೆ ಮನುಷ್ಯರು ಬದಲಾದರೂ ವಿಳಾಸ ಬದಲಾಗದು. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿ. ಒಮ್ಮೆಗೇ ಹತ್ತು ವರ್ಷಕ್ಕೂ ಕಟ್ಟಬಹುದು. ಶಾಲೆ ಕಾಲೇಜುಗಳ ಎಸಿ ಡಾಟ್ ಇನ್ ಬೇಕಾದರೆ ಅರ್ನೆಟ್ ಇಂಡಿಯಾದ ಮೂಲಕ, ಸರ್ಕಾರಿ ಕಚೇರಿಗಳ ಗವ್ ಡಾಟ್ ಇನ್ ಎನ್‌ಐಸಿ ಮೂಲಕ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರೂ ಸಿಗುತ್ತದೆ, ಅಂಥ ವಿಳಾಸಗಳಿಗೆ ಬೇಕಾದ ಇಮೇಲ್ ಮಾನದಂಡ 2012ರಲ್ಲೇ ಬಂದಿದೆ. ಆದರೆ ಎಷ್ಟೋ ಅರ್ಜಿ ನಮೂನೆಗಳು ಕನ್ನಡ ಅಕ್ಷರದ ವಿಳಾಸ ಕಂಡೊಡನೆ ತಪ್ಪು ಎನ್ನುತ್ತವೆ. ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.

ಡೊಮೇನ್ ಖರೀದಿಸುವಾಗಲೇ ಒಂದು ಎಚ್ಚರ ಬೇಕು. ಸಾಮಾನ್ಯವಾಗಿ ವೆಬ್‌ಸೈಟ್ ಮಾಡಿಕೊಡುವ ಹುಡುಗನೇ ತನ್ನ ಖಾತೆಯಲ್ಲಿ, ತನ್ನ ಕಾರ್ಡಿನಲ್ಲಿ ಅದನ್ನೂ ಕೊಂಡುಬಿಡುತ್ತಾನೆ. ಕಾನೂನಿನ ಕಣ್ಣಿಗೆ ಆಗ ಹೆಸರು ಅವನದು. ನೋಂದಣಿ ಸಂಘದ ಹೆಸರಿನಲ್ಲಿರಬೇಕು, ಹಣ ಸಂಘದ ಖಾತೆಯಿಂದ ಹೋಗಬೇಕು, ಲಾಗಿನ್ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು, ನವೀಕರಣದ ದಿನಾಂಕ ಠರಾವು ಪುಸ್ತಕದಲ್ಲಿ ಬರೆದಿರಬೇಕು. ತಾಂತ್ರಿಕ ಭಾಗಕ್ಕಿಂತ ಇದೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ತಾಂತ್ರಿಕ ತಪ್ಪುಗಳನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿಯಾರು. ಕೈತಪ್ಪಿದ ಹೆಸರನ್ನು ಮರಳಿ ಪಡೆಯಲು ವಕೀಲರು ಬೇಕಾಗುತ್ತಾರೆ.

ಇನ್ನು ತಾಂತ್ರಿಕ ಭಾಗ. ಡೊಮೇನ್ ಕೊಂಡು ಪೆಟ್ಟಿಗೆ ತೆರೆದರೆ ಪತ್ರ ಬರುತ್ತದೆ. ಹೋಗುವ ಪತ್ರದ ಕಥೆ ಬೇರೆ. ಇಂದಿಗೂ ಇಮೇಲ್ ನಡೆಯುವುದು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ ನಿಯಮಗಳ ತಳಹದಿಯ ಮೇಲೆ. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಪರಿಚಿತರು. ಕಳಿಸಿದವರ ಹೆಸರನ್ನು ಪರೀಕ್ಷಿಸುವ ಏರ್ಪಾಡನ್ನೇ ಅದರಲ್ಲಿ ಇಟ್ಟಿರಲಿಲ್ಲ. ಪತ್ರದ ಮೇಲ್ಭಾಗದಲ್ಲಿ ಕಾಣುವ ‘ಇವರಿಂದ’ ಎಂಬ ಸಾಲಿನಲ್ಲಿ ಯಾರು ಯಾರ ಹೆಸರನ್ನಾದರೂ ಹಾಕಬಹುದಿತ್ತು. ಈ ರಂಧ್ರವನ್ನು ಮುಚ್ಚಲು ಮೂರು ತೇಪೆಗಳು ಬಂದವು. ಮೂರೂ ನಿಮ್ಮ ಡೊಮೇನಿನ ಡಿಎನ್‌ಎಸ್ ಪಟ್ಟಿಯಲ್ಲಿ, ಲೋಕದಲ್ಲಿ ಯಾರು ಬೇಕಾದರೂ ಓದುವಂತೆ ಬರೆದಿಡುವ ಸಾಲುಗಳು.

ಮೊದಲನೆಯದು ಎಸ್‌ಪಿಎಫ್. ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಯಾವ ಸರ್ವರ್‌ಗೆ ಅಧಿಕಾರವಿದೆ ಎಂಬ ಯಾದಿ. ಎಡವುವುದು ಇಲ್ಲೇ ಹೆಚ್ಚು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಹೊಸ ಸೇವೆ ಸೇರಿಸುವಾಗ ಎರಡನೆಯದನ್ನು ಕೆಳಗೆ ಅಂಟಿಸಿದರೆ ಎರಡೂ ಕೆಡುತ್ತವೆ. ಯಾದಿ ಪರೀಕ್ಷಿಸುವವನು ಹತ್ತಕ್ಕಿಂತ ಹೆಚ್ಚು ಸಲ ಡಿಎನ್‌ಎಸ್ ಕೇಳುವಂತಾದರೂ ಕೆಡುತ್ತದೆ.

ಎರಡನೆಯದು ಡಿಕಿಮ್. ಯಾಹೂ ಮತ್ತು ಸಿಸ್ಕೊ ಬೇರೆ ಬೇರೆಯಾಗಿ ಮಾಡಿಕೊಂಡಿದ್ದ ಎರಡು ವಿಧಾನಗಳನ್ನು ಬೆಸೆದು ರೂಪಿಸಿದ ಇದು 2007ರಲ್ಲಿ ಮಾನದಂಡವಾಯಿತು. ಪತ್ರ ಹೊರಡುವಾಗ ಸರ್ವರ್ ತನ್ನ ಬಳಿಯ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಸಹಿ ಹೊಂದದು. ಕೀಲಿ 2048 ಬಿಟ್ಟಿನದಿರಲಿ. ಅಷ್ಟುದ್ದದ ಕೀಲಿ 255 ಅಕ್ಷರಗಳ ಮಿತಿ ದಾಟುವುದರಿಂದ ಕೆಲವು ಕಡೆ ಅದನ್ನು ತುಂಡು ಮಾಡಿ ಹಾಕಬೇಕಾಗುತ್ತದೆ, ನಕಲು ಮಾಡುವಾಗ ಅರ್ಧ ಕಳಚಿ ಹೋಗುವುದೂ ಉಂಟು.

ಈ ಎರಡಕ್ಕೂ ಒಂದು ಕೊರತೆ ಇತ್ತು. ಅವು ಪರೀಕ್ಷಿಸುವ ಹೆಸರು ಓದುಗ ಕಾಣುವ ‘ಇವರಿಂದ’ ಸಾಲಿನ ಹೆಸರೇ ಆಗಿರಬೇಕೆಂದಿರಲಿಲ್ಲ. ಮೋಸಗಾರ ತನ್ನ ಡೊಮೇನಿನ ಸಹಿ ಹಾಕಿ, ಮೇಲೆ ನಿಮ್ಮ ಹೆಸರು ತೋರಿಸಬಹುದಿತ್ತು. 2012ರಲ್ಲಿ ಪ್ರಕಟವಾದ ಡಿಮಾರ್ಕ್ ಈ ಎರಡು ಹೆಸರುಗಳು ಹೊಂದಲೇಬೇಕು ಎಂದಿತು. ಹೊಂದದ ಪತ್ರವನ್ನು ಏನು ಮಾಡಬೇಕೆಂದು ಡೊಮೇನಿನ ಯಜಮಾನನೇ ಹೇಳಬಹುದು: ಸುಮ್ಮನೆ ಬಿಡಿ, ಸ್ಪಾಮ್‌ಗೆ ಹಾಕಿ, ಇಲ್ಲವೇ ತಿರಸ್ಕರಿಸಿ. ಅದರ ಮೇಲೆ, ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿಂದ ಎಷ್ಟು ಪತ್ರ ಬಂತು ಎಂಬ ವರದಿಯನ್ನೂ ಗೂಗಲ್, ಯಾಹೂದಂಥವರು ನಿಮಗೆ ಕಳಿಸುತ್ತಾರೆ.

ಉತ್ಸಾಹದಲ್ಲಿ ಮೊದಲ ದಿನವೇ ‘ತಿರಸ್ಕರಿಸಿ’ ಎಂದು ಬರೆಯಬಾರದು. ‘ಸುಮ್ಮನೆ ಬಿಡಿ’ಯಿಂದ ಶುರುಮಾಡಿ ಕೆಲವು ವಾರ ವರದಿ ನೋಡಬೇಕು. ಮರೆತೇಹೋಗಿದ್ದ ಕಳಿಸುವವರೆಲ್ಲ ಆಗ ಹೊರಬೀಳುತ್ತಾರೆ: ವೆಬ್‌ಸೈಟಿನ ಸಂಪರ್ಕ ನಮೂನೆ, ರಸೀದಿ ಕಳಿಸುವ ಲೆಕ್ಕದ ತಂತ್ರಾಂಶ, ಯಾವಾಗಲೋ ಯಾರೋ ಸೇರಿಸಿದ ಸುದ್ದಿಪತ್ರದ ಸೇವೆ. ಇವಕ್ಕೆಲ್ಲ ಅಧಿಕಾರ ಬರೆದುಕೊಟ್ಟ ಮೇಲೆ ಒಂದೊಂದೇ ಹೆಜ್ಜೆ ಬಿಗಿಮಾಡುವುದು ಜಾಣತನ. ನೂರಾರು ಸದಸ್ಯರಿಗೆ ಒಮ್ಮೆಗೇ ಹೋಗುವ ಸೂಚನಾಪತ್ರಗಳಿಗೆ ಮುಖ್ಯ ಹೆಸರಿನ ಕೆಳಗೊಂದು ಉಪಡೊಮೇನ್ ಮಾಡಿಕೊಂಡರೆ, ಅಲ್ಲಿ ಸ್ಪಾಮ್ ದೂರು ಬಂದರೂ ಕಾರ್ಯದರ್ಶಿಯ ದಿನನಿತ್ಯದ ಪತ್ರಕ್ಕೆ ತಟ್ಟುವ ಬಿಸಿ ಕಡಿಮೆ.

ಇದೆಲ್ಲ ದೊಡ್ಡವರ ಉಸಾಬರಿ ಎಂದು ಸುಮ್ಮನಿರುವ ಕಾಲ ದಾಟಿತು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಭಾರೀ ಸಂಖ್ಯೆಯಲ್ಲಿ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ಭಾರೀ ಎಂದರೆ ದಿನಕ್ಕೆ 5,000 ಪತ್ರ. ಸ್ಪಾಮ್ ದೂರು ಶೇ. 0.3 ಮುಟ್ಟಬಾರದು. ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕು. ಬೇರೊಂದು ಸೇವೆಯ ಮೂಲಕ ಜಿಮೇಲ್ ವಿಳಾಸದ ಹೆಸರಿನಲ್ಲಿ ಸೂಚನೆ ಕಳಿಸುತ್ತಿದ್ದ ಸಂಘಗಳಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಮಹಾಸಭೆಯ ನೋಟಿಸು ಸ್ಪಾಮ್ ಪೆಟ್ಟಿಗೆ ಸೇರಿದರೆ, ತಲುಪಲೇ ಇಲ್ಲ ಎಂದು ಸದಸ್ಯರು ಸಭೆಯಲ್ಲಿ ಎದ್ದು ನಿಲ್ಲುತ್ತಾರೆ.

ಬ್ಯಾಂಕುಗಳಿಗೆ ಆದೇಶ ಇನ್ನೂ ಖಡಕ್ಕಾಗಿತ್ತು. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆಂದೇ ಬ್ಯಾಂಕ್ ಡಾಟ್ ಇನ್ ಹೆಸರನ್ನು ಘೋಷಿಸಿ, ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಹೆಸರು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಸಂಸ್ಥೆ ಒಂದಕ್ಕೇ. ಶಿರಸಿಯಲ್ಲಿ ಕೇಂದ್ರ ಕಚೇರಿ ಇರುವ ಕೆಡಿಸಿಸಿಯಂಥ ಜಿಲ್ಲಾ ಸಹಕಾರಿ ಬ್ಯಾಂಕುಗಳೂ ಪಟ್ಟಣ ಸಹಕಾರಿ ಬ್ಯಾಂಕುಗಳೂ ಇದರ ವ್ಯಾಪ್ತಿಗೆ ಬಂದವು. ಪತ್ತಿನ ಸಂಘ, ಮೀನುಗಾರರ ಸಹಕಾರಿ ಸಂಘಗಳು ಬ್ಯಾಂಕಲ್ಲ. ಅವಕ್ಕೆ ಆ ಹೆಸರೂ ಇಲ್ಲ, ಆ ಒತ್ತಡವೂ ಇಲ್ಲ. ಹೀಗಾಗಿ ಹಣದ ವ್ಯವಹಾರ ಮಾಡುತ್ತಲೇ ಇರುವ ಇವೇ ಹಳೆಯ ಪದ್ಧತಿಯಲ್ಲಿ ಉಳಿದುಹೋಗುವ ಅಪಾಯ.

ಮೂರೂ ಸಾಲು ಸರಿಯಾಗಿದ್ದರೂ ತಪ್ಪದ ಒಂದು ಮೋಸವಿದೆ. ಹೆಸರಿನಲ್ಲಿ ಒಂದಕ್ಷರ ಬದಲಿಸಿ ಹೊಸ ಡೊಮೇನನ್ನೇ ಕೊಂಡವನಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲ ಪಾಸಾಗುತ್ತವೆ, ಏಕೆಂದರೆ ಆ ಹೆಸರು ನಿಜಕ್ಕೂ ಅವನದೇ. ಅಂಕೋಲೆಯಿಂದ ಹೊರಗೆ ಮೀನು, ಸಿಗಡಿ, ಕರಿ ಈಶಾಡ ಮಾವು ಕಳಿಸುವವರು ಇದನ್ನು ಗಮನದಲ್ಲಿಡಬೇಕು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಈ ಖಾತೆಗೆ ಹಣ ಹಾಕಿ’ ಎಂದು ಪರಿಚಿತ ವ್ಯಾಪಾರಿಯ ಹೆಸರಿನಲ್ಲಿ ಇಮೇಲ್ ಬಂದರೆ ಫೋನ್ ಮಾಡಿ ಕೇಳಬೇಕು. ಫೋನ್ ನಂಬರನ್ನು ಆ ಇಮೇಲಿನಿಂದ ಎತ್ತಿಕೊಳ್ಳಬಾರದು. ಹಳೆಯ ಬಿಲ್ಲಿನಲ್ಲಿ ಇರುತ್ತದೆ.