ವರದಿ ಬರುವವರೆಗೆ

ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾದ ಅನುಭವ ನಮ್ಮ ಕಾಲೇಜಿನಲ್ಲಿ ಯಾರಿಗಿಲ್ಲ? ಉತ್ತರಪತ್ರಿಕೆಯನ್ನು ಒಪ್ಪಿಸಿದ ಮೇಲೆ ನಾವು ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ. ಆದರೂ ಮನಸ್ಸು ಮಾತ್ರ ಸುಮ್ಮನಿರದು. ಅಲ್ಲಿ ನಾವು ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ವರ್ಷ. ಪ್ರಾಣವೇ ಪಣವಾಗಿರುವಾಗ ಕಾಯುವುದು ಹೇಗೆ? ಕಳೆದ ಸಂಕ್ರಾಂತಿಗೆ ಮುಂಚೆ ಈ ಪ್ರಶ್ನೆ ಹೊಳೆನರಸೀಪುರದ ನಮ್ಮ ಮನೆಯ ಬಾಗಿಲಿಗೇ ಬಂದಿತು.

ಎರಡು ವರ್ಷದ ಹಿಂದೆ ಅವ್ವನಿಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ಈ ಸಲದ ತಪಾಸಣೆಯಲ್ಲಿ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಬೇಕೆಂದರು. ಹಾಸನದಲ್ಲಿ ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ವೈದ್ಯರನ್ನು ಕಾಣಲು ಆರು ದಿನ ಬಿಟ್ಟು ಬರಹೇಳಿದರು. ಅರಕಲಗೂಡಿನಲ್ಲಿ ಅಜ್ಜಿ ಹರಕೆ ಹೊತ್ತರು. ಚನ್ನರಾಯಪಟ್ಟಣದ ಚಿಕ್ಕಮ್ಮ ದಿನಕ್ಕೆ ಮೂರು ಸಲ ಫೋನು ಮಾಡಿ, “ಏನೂ ಇರಲ್ಲ ಬಿಡಕ್ಕ” ಎಂದರು. ರಾಮನಾಥಪುರದ ಹರಾಜುಕಟ್ಟೆಗೆ ಹೊಗೆಸೊಪ್ಪು ಹಾಕಿದ್ದ ಸೋದರಮಾವ ಅದನ್ನು ಬಿಟ್ಟು ಬಂದು, ಜಗಲಿಯ ಮೇಲೆ ಸುಮ್ಮನೆ ಕುಳಿತರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನಗೋ ಮನೆಯೇ ಸಂತೆಯಾಗಿತ್ತು.

ವರದಿಗೆ ಇಷ್ಟು ದಿನವೇಕೆ ಎಂಬುದು ನನ್ನ ಮೊದಲ ಸಿಟ್ಟು. ಆಮೇಲೆ ಓದಿ ತಿಳಿದುಕೊಂಡೆ. ಸಿ.ಟಿ. ಯಂತ್ರದಲ್ಲಿ ಕ್ಷಕಿರಣದ ಕೊಳವೆ ಶರೀರದ ಸುತ್ತ ತಿರುಗುತ್ತದೆ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ನೋಡಿದಂತೆ ಗಣಕಯಂತ್ರ ಒಳಗಿನ ಚಿತ್ರಗಳನ್ನು ಕಟ್ಟಿಕೊಡುತ್ತದೆ. ಈ ಯಂತ್ರದಿಂದ ಮೊದಲ ರೋಗಿಯನ್ನು ಪರೀಕ್ಷಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಇದಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಎಂಬ ಇಬ್ಬರಿಗೆ 1979ರ ನೊಬೆಲ್ ಬಹುಮಾನ ದೊರೆಯಿತು. ಯಂತ್ರ ಚಿತ್ರ ತೆಗೆಯುವುದು ಕ್ಷಣದ ಕೆಲಸ. ಆದರೆ ಆ ನೂರಾರು ಬಿಲ್ಲೆಗಳನ್ನು ತಜ್ಞರೊಬ್ಬರು ಕಣ್ಣಿಟ್ಟು ನೋಡಬೇಕು, ಹಳೆಯ ಚಿತ್ರಗಳೊಡನೆ ಹೋಲಿಸಬೇಕು. ಪೆಟ್ ಸ್ಕ್ಯಾನಿನಲ್ಲಾದರೆ ವಿಕಿರಣವುಳ್ಳ ಒಂದು ಬಗೆಯ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಅದನ್ನು ಹೆಚ್ಚು ಹೀರಿ ಬೆಳಗುತ್ತವೆ. ಆದರೆ ಕ್ಷಯ ತಗುಲಿದ ಜಾಗವೂ, ಉರಿಯೂತವಾದ ಜಾಗವೂ ಹಾಗೆಯೇ ಬೆಳಗಬಲ್ಲವು. ಬೆಳಗಿದ್ದೆಲ್ಲ ಕ್ಯಾನ್ಸರಲ್ಲ. ಸಂದೇಹವಿದ್ದರೆ ಮಾಂಸದ ಚೂರು ತೆಗೆದು, ಫಾರ್ಮಲಿನ್ನಿನಲ್ಲಿಟ್ಟು, ಮೇಣದಲ್ಲಿ ಕೂಡಿಸಿ, ಅತಿ ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಮ್ಮೊಮ್ಮೆ ಬೇರೆ ಬಣ್ಣಗಳೂ ಬೇಕಾಗುತ್ತವೆ. ಆದ್ದರಿಂದ ವರದಿ ತಡವಾಯಿತೆಂದರೆ ಸುದ್ದಿ ಕೆಟ್ಟದ್ದೆಂದು ತಿಳಿಯುವುದು ತಪ್ಪು.

ಇನ್ನು ಮನಸ್ಸಿನ ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2016ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗಣಕಯಂತ್ರದ ಆಟವೊಂದರಲ್ಲಿ ಕಲ್ಲಿನಡಿ ಹಾವಿದ್ದರೆ ಆಡುವವನ ಕೈಗೆ ಸಣ್ಣ ವಿದ್ಯುದಾಘಾತ. ಆಘಾತ ಖಂಡಿತ ಎಂದು ತಿಳಿದಿದ್ದಾಗ ಇದ್ದುದಕ್ಕಿಂತ, ಆದೀತೋ ಆಗದೋ ಎಂದು ಸಮಸಮ ಸಂದೇಹವಿದ್ದಾಗ ಜನರ ತಳಮಳ ಹೆಚ್ಚಾಗಿತ್ತು. ಕೆಟ್ಟದ್ದು ಖಚಿತವಾದರೆ ಮನಸ್ಸು ಅದಕ್ಕೆ ಸಿದ್ಧವಾಗುತ್ತದೆ. ಅನಿಶ್ಚಯಕ್ಕೆ ಸಿದ್ಧವಾಗುವುದು ಕಷ್ಟ. ಸ್ಕ್ಯಾನಿನ ಮುಂಚಿನ ಈ ಸಂಕಟಕ್ಕೆ ‘ಸ್ಕ್ಯಾಂಕ್ಸೈಟಿ’ ಎಂಬ ಹೆಸರೇ ಇದೆ. ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಅಮೆರಿಕದ ಲೇಖಕ ಬ್ರೂಸ್ ಫೈಲರ್ 2011ರಲ್ಲಿ ‘ಟೈಮ್’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದಿದ್ದಾರೆ. ಇದು ಹೇಡಿತನವಲ್ಲ, ಮನುಷ್ಯ ಸ್ವಭಾವ ಎಂದು ತಿಳಿದಾಗಲೇ ನನಗೆ ಅರ್ಧ ಭಾರ ಇಳಿದಂತಾಯಿತು.

ಆದರೆ ಆ ತಿಳಿವು ಬರುವ ಮುನ್ನ ನಾನೊಂದು ತಪ್ಪು ಮಾಡಿದ್ದೆ. ಎರಡನೆಯ ರಾತ್ರಿ ಸ್ಕ್ಯಾನಿನ ವರದಿ ನನ್ನ ಮೊಬೈಲಿಗೆ ಬಂದಿತು. ಎಲ್ಲರೂ ಮಲಗಿದ ಮೇಲೆ ಒಬ್ಬನೇ ಓದಿದೆ. ಶ್ವಾಸಕೋಶದಲ್ಲಿ ಸಣ್ಣ ‘ನಾಡ್ಯೂಲ್’ ಎಂದಿತ್ತು. ಅಂತರ್ಜಾಲದಲ್ಲಿ ಆ ಪದವನ್ನು ಹುಡುಕಿದೆ. ಬೆಳಗಾಗುವಷ್ಟರಲ್ಲಿ ಮನಸ್ಸಿನಲ್ಲಿ ಅವ್ವನಿಗೆ ಅಂತ್ಯವನ್ನೇ ಬರೆದುಬಿಟ್ಟಿದ್ದೆ. ಯಾರಿಗೂ ಹೇಳದೆ ಕಾಲೇಜಿಗೆ ಹೊರಟೆ. ರೈಲು ಹೇಮಾವತಿ ಸೀಮೆಯ ಗದ್ದೆಗಳ ನಡುವೆ ಓಡುತ್ತಿದ್ದರೂ ನನಗೇನೂ ಕಾಣಿಸಲಿಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದಳು. “ನಿನ್ನ ಮುಖ ನೋಡಿದ್ರೇ ಗೊತ್ತಾಯ್ತದೆ ಕಣ್ಲಾ. ಏನೋ ಓದಿದ್ದೀಯ, ಹೇಳ್ಬಿಡು” ಎಂದಳು. ಹೇಳಿದೆ. ಒಂದು ಗಳಿಗೆ ಅವಳ ಕೈ ನಿಂತಿತು. ಆಮೇಲೆ, “ಒಬ್ಬನೇ ಹೆದರೋದಕ್ಕಿಂತ ಇಬ್ರೂ ಸೇರಿ ಹೆದರಾನ. ಬಾ, ಕಾಳು ಹಿತುಕು” ಎಂದಳು. ಸೋದರಮಾವನೂ ಬಂದು ಕುಳಿತರು. ಬೆರಳಿನ ನಡುವೆ ಕಾಳು ಜಾರಿ ಸಿಪ್ಪೆ ಕೈಯಲ್ಲುಳಿಯುವ ಆ ಕೆಲಸದಲ್ಲಿ ಒಂದು ಗಂಟೆ ಕಳೆದದ್ದು ತಿಳಿಯಲಿಲ್ಲ.

ಇದಕ್ಕೂ ಶಾಸ್ತ್ರದ ಆಧಾರವುಂಟು. ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ, ವಕೀಲಿ ಪರೀಕ್ಷೆ ಬರೆದು ಸುಮಾರು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದ ಪದವೀಧರರನ್ನು ಅಧ್ಯಯನ ಮಾಡಿದರು. ಚಿಂತೆಯನ್ನು ಅದುಮಿಡಲು, ‘ಒಳ್ಳೆಯದೇ ಆಗುತ್ತದೆ’ ಎಂದು ನಂಬಿಸಿಕೊಳ್ಳಲು ಪಟ್ಟ ಪ್ರಯತ್ನಗಳಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮೈಮರೆಸುವ ಕೆಲಸದಲ್ಲಿ ತೊಡಗಿದವರಿಗೆ ಕಾಯುವಿಕೆ ಹಗುರವಾಗಿತ್ತು ಎಂದು ಅವರ ಮುಂದಿನ ಸಂಶೋಧನೆಗಳು ತಿಳಿಸಿದವು. ಅವ್ವ ಆ ಪ್ರಬಂಧಗಳನ್ನು ಓದಿದವಳಲ್ಲ, ಅವರೆಕಾಳನ್ನು ಬಲ್ಲವಳು.

ಆ ಆರು ದಿನಗಳಲ್ಲಿ ನಾವು ಕಲಿತದ್ದನ್ನು ಸಹಪಾಠಿಗಳ ಮುಂದಿಡುತ್ತೇನೆ. ಸ್ಕ್ಯಾನಿನ ದಿನವೇ ಫಲಿತಾಂಶವನ್ನು ಯಾರು, ಯಾವ ದಿನ ಹೇಳುತ್ತಾರೆಂದು ಕೇಳಿಕೊಳ್ಳಿ. ಅದು ತಿಳಿದರೆ ಪ್ರತಿ ಫೋನಿಗೂ ಎದೆ ನಡುಗುವುದಿಲ್ಲ. ವರದಿ ಬರೆಯುವುದು ವೈದ್ಯರಿಗಾಗಿ. ಅದರಲ್ಲಿ ಕಂಡ ಸಣ್ಣಪುಟ್ಟದ್ದೆಲ್ಲ ದಾಖಲಾಗುತ್ತದೆ. ರಾತ್ರಿ ಒಬ್ಬರೇ ಕುಳಿತು ಅದನ್ನು ಬಿಡಿಸಲು ಹೋಗಬೇಡಿ. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಡಿ. ಚಿಂತೆಗೆ ದಿನದಲ್ಲಿ ಅರ್ಧ ಗಂಟೆ ಗೊತ್ತುಮಾಡಿ, ಉಳಿದ ಹೊತ್ತಿನಲ್ಲಿ ಕೈಗೆ ಕೆಲಸ ಕೊಡಿ. ನೋಡಲು ಬಂದವರು “ಏನೂ ಇರಲ್ಲ” ಎನ್ನುವುದಕ್ಕಿಂತ ನಮ್ಮ ಮಾವನಂತೆ ಜೊತೆಗೆ ಕುಳಿತರೆ ದೊಡ್ಡ ಉಪಕಾರ. ಊಟ, ನಿದ್ದೆ ಕೆಟ್ಟು ಎದೆಬಡಿತ ತಡೆಯಲಾಗದಿದ್ದರೆ ವೈದ್ಯರಿಗೆ ಹೇಳಿ. ಇಲ್ಲವೇ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಆರನೆಯ ದಿನ ವೈದ್ಯರು ಚಿತ್ರಗಳನ್ನು ತೋರಿಸಿ ವಿವರಿಸಿದರು. ಇಂಥ ಸಣ್ಣ ಗಂಟುಗಳು ಎಷ್ಟೋ ಜನರ ಶ್ವಾಸಕೋಶದಲ್ಲಿರುತ್ತವೆ. ಹಿಂದೆಂದೋ ಬಂದು ವಾಸಿಯಾದ ಸೋಂಕಿನ ಗುರುತೂ ಇರಬಹುದು. ಆದರೆ ಅವ್ವನಿಗೆ ಮೊದಲೇ ಕ್ಯಾನ್ಸರ್ ಆಗಿದ್ದುದರಿಂದ ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಿ, ಬೆಳೆದಿದೆಯೇ ಎಂದು ಹೋಲಿಸಬೇಕು ಎಂದರು. ಹೌದೂ ಅಲ್ಲ, ಅಲ್ಲವೂ ಅಲ್ಲ. ಹೊರಗೆ ಬಂದ ಅವ್ವ, “ಮೂರು ತಿಂಗಳು ತಾನೆ” ಎಂದಳು.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಾವು ಪುನಃ ಹಾಸನದ ಅದೇ ಬೆಂಚಿನ ಮೇಲೆ ಕುಳಿತಿರಬಹುದು. ಅವರೆಯ ಕಾಲ ಮುಗಿದಿರುತ್ತದೆ. ಹುಣಸೆಹಣ್ಣು ಬಿಡಿಸಿ ಬೀಜ ತೆಗೆಯುವ ಕೆಲಸ ಬೇಕಾದಷ್ಟಿದೆ. ಈ ಸಲ ವರದಿಯನ್ನು ನಾನೊಬ್ಬನೇ ಓದುವುದಿಲ್ಲ.