ಜನಪದ ಗೀತೆಗಳ ಮುದ್ರಣದಲ್ಲಿ ವಿಶೇಷ ಚಿಹ್ನೆಗಳ ವ್ಯವಸ್ಥೆ

ಬೆಳಗಾವಿ, ಖಾನಾಪುರ ಪರಿಸರದಲ್ಲಿ ಕನ್ನಡ, ಮರಾಠಿ, ಕೊಂಕಣಿ ನುಡಿಗಳು ಬೆರೆತು ಬಾಳುತ್ತವೆ. ಇಲ್ಲಿಯ ಹಾಡುಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ ಎರಡು ಚಿಹ್ನೆಗಳು ಮತ್ತೆ ಮತ್ತೆ ಬೇಕಾಗುತ್ತವೆ: ಸ್ವರದ ಎಳೆತಕ್ಕೆ ಅವಗ್ರಹ (ಽ), ಮರಾಠಿಯ ದಂತತಾಲವ್ಯ ಜಕಾರಕ್ಕೆ ನುಕ್ತಾ (ಜ಼). ಇವು ಬಿಟ್ಟುಹೋದರೆ ಹಾಡಿನ ಲಯವೂ ಉಚ್ಚಾರವೂ ಪಠ್ಯದಿಂದ ಅಳಿಯುತ್ತವೆ.

ಹಳೆಯ ಫಾಂಟುಗಳಲ್ಲಿ ಸಂಕೇತಕ್ರಮ ಒಂದೇ ಆಗಿರಲಿಲ್ಲ. ಫಾಂಟು ಬದಲಾದೊಡನೆ ಚಿಹ್ನೆಯೂ ಬೇರೊಂದು ಅಕ್ಷರವಾಗಿಬಿಡುತ್ತಿತ್ತು. ಯೂನಿಕೋಡ್ 2003ರ 4.0 ಆವೃತ್ತಿಯಲ್ಲಿ ಕನ್ನಡದ ಈ ಎರಡಕ್ಕೂ ಸ್ಥಿರ ಸ್ಥಾನ ನೀಡಿತು. ಇನ್‌ಡಿಸೈನ್ ತಂತ್ರಾಂಶದ ಗ್ಲಿಫ್ ಫಲಕದಲ್ಲಿ ಇವನ್ನು ಹೆಸರಿಟ್ಟ ಗುಚ್ಛವಾಗಿ ಉಳಿಸಿಕೊಂಡರೆ ಪ್ರತಿ ಸಲವೂ ಹುಡುಕಬೇಕಿಲ್ಲ. ನುಕ್ತಾವನ್ನು ವ್ಯಂಜನದ ನಂತರವೇ ಸೇರಿಸಬೇಕು. ಪ್ರತಿಯೊಂದು ಚಿಹ್ನೆಯ ಅರ್ಥವನ್ನು ಸಂಪಾದಕರು ಗ್ರಂಥಾರಂಭದಲ್ಲಿಯೇ ಸೂಚಿಸಿದರೆ, ಮುಂದಿನ ಸಂಶೋಧಕರು ಹಾಡನ್ನು ಹಾಡಿದಂತೆಯೇ ಓದಬಲ್ಲರು.