ಸರಸ್ವತಿಗೆ ಬದನೆಕಾಯಿ ಬಣ್ಣದ ಸೀರೆ

“ಅದ್ ಬಿಡಿ ಸಾರ್, ಯಾರೋ ಬಟ್ಟೆ ಅಂಟ್ಸಿ ಕೆಡ್ಸವ್ರೆ. ಈ ಕಡೆ ಕ್ಲೀನಾಗಿರೋದು ನೋಡಿ” ಎಂದರು ಮೈಸೂರಿನ ಹಳೇ ಸಾಮಾನಿನ ಅಂಗಡಿಯವರು. ಕೆಡವಿದ ತೊಟ್ಟಿಮನೆಯೊಂದರ ಕಂಬ, ಬಾಗಿಲು, ಉಪ್ಪಿನಕಾಯಿ ಜಾಡಿಗಳ ಜೊತೆಗೆ ಬಂದಿದ್ದ ಎರಡು ಸರಸ್ವತಿ ಪಟಗಳು ಗೋಡೆಗೆ ಒರಗಿದ್ದವು. ಎರಡೂ ರವಿವರ್ಮನ ಚಿತ್ರವೇ. ವೀಣೆ, ಪಕ್ಕದಲ್ಲಿ ನವಿಲು. ನಮ್ಮ ಅಜ್ಜಿಯರ ದೇವರಮನೆಯಲ್ಲಿ ಕಂಡದ್ದೇ, ವಿವರಿಸಬೇಕಿಲ್ಲ.

ಕ್ಲೀನಾದ ಪಟದ ಮೇಲೆ ಭೂತಗನ್ನಡಿ ಹಿಡಿದರೆ ಕವಾಯತಿಗೆ ನಿಂತಂತೆ ಸಾಲುಸಾಲು ಚುಕ್ಕಿಗಳು. ಆಫ್‌ಸೆಟ್ ಮುದ್ರಣ, ತೇಗದ ಚೌಕಟ್ಟು ಮಾತ್ರ ಹಳೆಯದು. ‘ಕೆಟ್ಟ’ ಪಟದಲ್ಲಿ ದೇವಿಯ ಕೆನ್ನೆಯ ಚುಕ್ಕಿಗಳಿಗೆ ಸಾಲೂ ಇಲ್ಲ, ಅಳತೆಯೂ ಇಲ್ಲ. ಕಲ್ಲಚ್ಚಿನ ಗುರುತು ಅದು. ಸುಣ್ಣಕಲ್ಲಿನ ಮೇಲೆ ಕುಶಲಕರ್ಮಿ ಕೈಯಾರೆ ಇಟ್ಟ ಚುಕ್ಕಿಗಳು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ನವಿಲಿನ ಕತ್ತಿನ ಬಳಿ ನೀಲಿ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಜಾರಿತ್ತು. ಎಣ್ಣೆವರ್ಣದಂತೆ ಕಾಣಲೆಂದು ಬಳಿದ ವಾರ್ನಿಷ್ ಹಳದಿಗಟ್ಟಿತ್ತು.

ಇನ್ನು ಆ ಬಟ್ಟೆ. ಶ್ವೇತವಸ್ತ್ರದ ಶಾರದೆಗೆ ಯಾರೋ ಬದನೆಕಾಯಿ ಬಣ್ಣದ ರೇಷ್ಮೆ ಉಡಿಸಿದ್ದಾರೆ! ವೀಣೆ ಮೀಟುವ ಬೆರಳುಗಳು ಮುಚ್ಚದಂತೆ ಸುತ್ತ ಸಣ್ಣ ಕತ್ತರಿಯಲ್ಲಿ ಬಿಡಿಸಿದ್ದಾರೆ. ನೆರಿಗೆ ಚಿತ್ರದಲ್ಲಿ ಬಿದ್ದ ಕಡೆಯೇ ಬಟ್ಟೆಯಲ್ಲೂ ಬಿದ್ದಿದೆ. ಅಂಚಿಗೆ ಜರಿ, ಕಿರೀಟಕ್ಕೆ ಚಮಕಿ, ಕೊರಳಿಗೆ ಸಾಸಿವೆಯಷ್ಟು ಮಣಿಗಳು. ನವಿಲಿನ ಗರಿಗೂ ಒಂದೊಂದು ಹಸಿರು ಚಮಕಿ ಸಿಕ್ಕಿದೆ. ಇಂಥ ಅಲಂಕಾರದ ಪಟಗಳು ದಕ್ಷಿಣದ ಮನೆಗಳಲ್ಲಿ ಬೇಕಾದಷ್ಟಿದ್ದವು. ಕೆಲವನ್ನು ಮನೆಯ ಹೆಂಗಸರೇ ಮಾಡಿದರು, ಕೆಲವು ಮಾರಾಟಕ್ಕೆಂದೇ ತಯಾರಾದವು. ಬಹಳ ಕಾಲ ಸಂಗ್ರಾಹಕರು ಇವನ್ನು ಮೂಸಿಯೂ ನೋಡಲಿಲ್ಲ. ಈಗ ಹುಡುಕಿಕೊಂಡು ಬರುತ್ತಾರೆ. ನನ್ನ ಮಟ್ಟಿಗೆ ಬರಿಯ ಪಟಕ್ಕಿಂತ ಇದೇ ಹೆಚ್ಚು. ಅಚ್ಚಿನಿಂದ ಒಂದೇ ತೆರನಾಗಿ ಬಂದ ಸಾವಿರಾರು ಸರಸ್ವತಿಯರಲ್ಲಿ ಈ ಸೀರೆಯುಟ್ಟವಳು ಇವಳೊಬ್ಬಳೇ.

ಬೇಡಿಕೆ ಬಂದಲ್ಲಿ ಕಳ್ಳಮಾಲೂ ಬರುತ್ತದೆ. ಹೊಸ ಪಟಕ್ಕೆ ಚಮಕಿ ಅಂಟಿಸಿ ಹಳೆಯದೆನ್ನುವವರಿದ್ದಾರೆ. ಬೆಳ್ಳಿಯ ಜರಿ ವರ್ಷಗಟ್ಟಲೆ ಇದ್ದರೆ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಜರಿ ಮಿನುಗುತ್ತಲೇ ಇರುತ್ತದೆ. ಬಟ್ಟೆ ತಾನಾಗಿ ಎದ್ದ ಕಡೆ ಇಣುಕಿದರೆ ಬೆಳಕು ಕಾಣದ ಮೂಲ ಬಣ್ಣ ಸುತ್ತಲಿನದಕ್ಕಿಂತ ಗಾಢವಾಗಿರಬೇಕು. ನಾನು ನೋಡಿದ ಪಟದಲ್ಲಿ ಎರಡೂ ಸರಿಯಾಗಿದ್ದವು.

ಮುದ್ರಣದ ಕಥೆ ಚುಟುಕಾಗಿ ಇಷ್ಟು. ರವಿವರ್ಮ ಜರ್ಮನಿಯ ಯಂತ್ರ ತರಿಸಿ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ತೆರೆದ. ಮೊದಲು ಹೊರಬಿದ್ದದ್ದು ಶಕುಂತಲೆಯ ಜನನದ ಚಿತ್ರ. 1899ರಲ್ಲಿ ಪ್ರೆಸ್ಸು ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಸಾಲ ಹೆಚ್ಚಿ, ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಷರ್ ಪಾಲಾಯಿತು. ಚಿತ್ರಕಾರ 1906ರಲ್ಲಿ ತೀರಿಕೊಂಡ ಮೇಲೂ ಅಲ್ಲಿ ದಶಕಗಳ ಕಾಲ ಪಟಗಳು ಅಚ್ಚಾದವು, ಬೇರೆ ಕಲಾವಿದರವೂ ಸೇರಿ. 1972ರಲ್ಲಿ ಬೆಂಕಿ ಬಿದ್ದು ಎಲ್ಲ ಮುಗಿಯಿತು.

ಆದ್ದರಿಂದ “ಒರಿಜಿನಲ್ ರವಿವರ್ಮ” ಎಂಬ ಅಂಗಡಿ ಮಾತಿಗೆ ನಾನು ಕಿವಿಗೊಡುವುದಿಲ್ಲ. ಕುಂಚದ ಒರಿಜಿನಲ್ ಬೇಕಾದವರು ಜಗನ್ಮೋಹನ ಅರಮನೆಗೆ ಹೋಗಲಿ. ಪಟದ ಮೂಲೆಯ ಸಹಿಯೂ ಚಿತ್ರದ ಜೊತೆಗೇ ಅಚ್ಚಾದದ್ದು. ನೋಡಬೇಕಾದದ್ದು ಕೆಳ ಅಂಚಿನ ಸಣ್ಣಕ್ಷರಗಳ ಸಾಲು: ಪ್ರೆಸ್ಸಿನ ಹೆಸರು, ಊರು. ಮುಂಬೈ ಎಂದಿದ್ದರೆ ಮೊದಮೊದಲ ಮುದ್ರಣ ಇರಬಹುದು. ಕಾರ್ಲಾ, ಲೋನಾವಳ, ಮಳವಲಿ ಎಂದಿದ್ದರೆ ಆಮೇಲಿನದು. ದುರದೃಷ್ಟಕ್ಕೆ ಕಟ್ಟು ಹಾಕುವವರು ಚೌಕಟ್ಟಿಗೆ ಹೊಂದಿಸಲು ಕತ್ತರಿಸಿ ಎಸೆದದ್ದೂ ಆ ಅಂಚನ್ನೇ. ಅಂಚು ಉಳಿದ ಪಟಕ್ಕೆ ಬೆಲೆ ಹೆಚ್ಚು. ಕಲೆ, ಹುಳುಕು, ನೀರಿನ ಗುರುತು ಇಲ್ಲದಿದ್ದರೆ ಇನ್ನೂ ಹೆಚ್ಚು. ಲಕ್ಷ್ಮಿ, ಸರಸ್ವತಿ ಬೇಕಾದಷ್ಟು ಸಿಗುತ್ತಾರೆ. ಕಡಿಮೆ ಅಚ್ಚಾದ ಪುರಾಣ ಪ್ರಸಂಗಗಳಿಗೆ ಸಂಗ್ರಾಹಕರು ಕೈಬಿಚ್ಚುತ್ತಾರೆ. ಹಾಗೆಂದು ಹರಾಜಿನಲ್ಲಿ ಕೋಟಿಗೆ ಹೋದ ರವಿವರ್ಮನ ಕ್ಯಾನ್ವಾಸಿನ ಸುದ್ದಿ ಓದಿ ಅಟ್ಟದ ಪಟಕ್ಕೆ ಲೆಕ್ಕ ಹಾಕಬೇಡಿ.

ಮನೆಯಲ್ಲಿ ಇಂಥ ಪಟವಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಜರಿ ಕಿತ್ತು ‘ಶುದ್ಧ’ ಮಾಡಬೇಡಿ, ಹಿಂಬದಿಯ ಹಲಗೆ ಬಿಚ್ಚುವ ಮುನ್ನ ಕಾಗದ ಸಂರಕ್ಷಣೆ ಬಲ್ಲವರನ್ನು ಕೇಳಿ. ಅಮೆರಿಕದಲ್ಲಿರುವ ಮಗಳು ಅಜ್ಜಿಯ ನೆನಪಿಗೆಂದು ಕೇಳಿದರೂ ಸೂಟ್‌ಕೇಸಿಗೆ ತುರುಕಿ ಕಳಿಸಬೇಡಿ. ನೂರು ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದಾಚೆ ಒಯ್ಯುವುದನ್ನು 1972ರ ಕಾಯ್ದೆ ತಡೆಯುತ್ತದೆ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.